ಪೈನ್ ಕಾಡಿನಲ್ಲಿ ಸದ್ದಿಲ್ಲದೆ ಒಂದು ಸುತ್ತು

ಮಗಳ ಬಾಣಂತನಕ್ಕೋ, ಮೊಮ್ಮಗುವನ್ನು ನೋಡುವುದಕ್ಕೋ ಬ್ರಿಟನ್ನಿಗೆ ಹೊರಟಿದ್ದೀರಾ? ಲಂಡನ್ನಿನ ಅರಮನೆಯನ್ನು ಎಲ್ಲರೂ ನೋಡುತ್ತಾರೆ. ಎರಡು ದಿನ ಬಿಡುವಿದ್ದರೆ ಸ್ಕಾಟ್ಲೆಂಡಿನ ಏವಿಮೋರ್ ಊರಿಗೆ ರೈಲು ಹತ್ತಿ. ಹೋಗಲಾಗದಿದ್ದರೇನಂತೆ, ಕುಳಿತಲ್ಲಿಂದಲೇ ನನ್ನ ಜೊತೆ ಬನ್ನಿ!

ಊರಿನ ಪಕ್ಕದಲ್ಲೇ ರಾಥಿಮರ್ಕಸ್ ಕಾಡು. ಹಿಮಯುಗ ಮುಗಿದ ಮೇಲೆ, ಸಾವಿರಾರು ವರ್ಷಗಳ ಹಿಂದೆ, ತಾನಾಗಿಯೇ ಹಬ್ಬಿದ ಪೈನ್ ಕಾಡಿನ ಉಳಿಕೆಯಿದು. ಜನ ಮರ ಕಡಿದರು, ಕುರಿ ಜಿಂಕೆಗಳು ಸಸಿ ಮೇಯ್ದವು. ಆ ಹಳೆಯ ಕಾಡಿನಲ್ಲಿ ಈಗ ಉಳಿದಿರುವುದು ನೂರಕ್ಕೆ ಒಂದೆರಡು ಪಾಲು ಮಾತ್ರ.

ಕಾಡಿನೊಳಗೆ ಲಾಖ್ ಆನ್ ಎಲೆನ್ ಎಂಬ ಸರೋವರವಿದೆ. ಅದರ ಸುತ್ತ ಸುಮಾರು 5 ಕಿಲೋಮೀಟರ್ ಹಾದಿ, ಹೆಚ್ಚು ಏರಿಳಿತವಿಲ್ಲ. ಸೀರೆಯ ಮೇಲೆ ಬೆಚ್ಚನೆಯ ಕೋಟು, ಕಾಲಿಗೆ ಬೂಟು ಇರಲಿ. ಚಟ್ನಿಪುಡಿ ಸವರಿದ ಚಪಾತಿಯ ಸುರುಳಿ ನಾಲ್ಕು ಕಟ್ಟಿಕೊಳ್ಳಿ.

ಮೊದಲು ನೆಲ ನೋಡಿ. ಕಾಳು ಬಿಡಿಸಿದ ಜೋಳದ ದಿಂಡಿನಂತೆ ಪೈನ್ ಕಾಯಿಯ ದಿಂಡು ಬಿದ್ದಿದೆಯೇ? ಹಾಗಾದರೆ ಮೇಲೆ ಕೆಂಪು ಅಳಿಲು ಊಟ ಮಾಡಿದೆ ಎಂದೇ ಅರ್ಥ. ನಮ್ಮ ಅಳಿಲಿನ ಹಾಗೆ ಬೆನ್ನ ಮೇಲೆ ಮೂರು ಗೆರೆ ಇದಕ್ಕಿಲ್ಲ. ಚಳಿಗಾಲದಲ್ಲಿ ಕಿವಿಯ ಮೇಲೆ ಕೂದಲಿನ ಕುಚ್ಚು! ಹತ್ತು ನಿಮಿಷ ಮಾತಾಡದೆ ಕುಳಿತರೆ ಪುಟ್ಟ ಜುಟ್ಟಿನ ಟಿಟ್ ಹಕ್ಕಿಯೂ ಕಂಡೀತು. ಆದರೆ ಪೈನ್ ಎಲೆಯ ಗುಡ್ಡೆ ಕಂಡರೆ ಅದರ ಮೇಲೆ ಕೂತುಬಿಟ್ಟೀರಿ, ಜೋಕೆ! ಅದು ಕಾಡಿರುವೆಗಳ ಮನೆ.

ಸರೋವರದ ನಡುವೆ ಪಾಳುಬಿದ್ದ ಕೋಟೆ ಕಾಣುತ್ತದಲ್ಲ? ಹಿಂದೆ ಅದರ ಮೇಲೆ ಮೀನುಗಿಡುಗ ಗೂಡು ಕಟ್ಟುತ್ತಿತ್ತು. ಚಳಿಗಾಲದಲ್ಲಿ ನಮ್ಮ ಅಣೆಕಟ್ಟುಗಳಿಗೂ ಬರುತ್ತದಲ್ಲ, ಅದೇ ಜಾತಿ. ಮೊಟ್ಟೆ ಕೂಡಿಡುವ ಹುಚ್ಚಿಗೆ ಬಿದ್ದವರು ನೀರಿನಲ್ಲಿ ಈಜಿಕೊಂಡು ಹೋಗಿ ಕದ್ದರು. ಕೊನೆಗೆ ಆ ಗೂಡುಗಳು ಬರಿದಾದವು. 1954ರಲ್ಲಿ ಹತ್ತಿರದ ಗಾರ್ಟೆನ್ ಸರೋವರದ ಬಳಿ ಒಂದು ಜೋಡಿ ಮತ್ತೆ ಬಂದಾಗ ಜನ ಹಗಲುರಾತ್ರಿ ಕಾವಲು ಕೂರಬೇಕಾಯಿತು.

ಇಂದು ಅಂಥ ಕಷ್ಟ ಕ್ಯಾಪರ್‌ಕೇಲಿಗೆ. ದೊಡ್ಡ ಕಾಡುಕೋಳಿಯಂಥ ಹಕ್ಕಿ. ಒಮ್ಮೆ ಪೂರ್ತಿ ಅಳಿದು, 1837ರಲ್ಲಿ ಸ್ವೀಡನ್ನಿನಿಂದ ಮತ್ತೆ ತಂದದ್ದು. 2021–22ರ ಗಣತಿಯಲ್ಲಿ ಉಳಿದಿದ್ದವು ಸುಮಾರು 500 ಮಾತ್ರ. ವಸಂತದಲ್ಲಿ ಜನರ ಗದ್ದಲಕ್ಕೆ, ಬಿಟ್ಟ ನಾಯಿಗೆ ಹೆದರಿದರೆ ಕಾವಿಗೆ ಕೂತ ಹೇಂಟೆ ಗೂಡು ಬಿಟ್ಟೇಳುತ್ತದೆ. ಆದ್ದರಿಂದ ಇದನ್ನು ಮಾತ್ರ ಹುಡುಕಿಕೊಂಡು ಹೋಗಬೇಡಿ. ಹಾದಿ ಬಿಟ್ಟು ಇಳಿಯಬೇಡಿ.

“ಅಷ್ಟು ದೂರ ಹೋಗಿ ನೋಡದೇ ಬರೋದಾ?” ಅಂತೀರಾ? ತೊಟ್ಟಿಲಲ್ಲಿ ಮಗು ಮಲಗಿದ್ದರೆ ನಾವು ಬಾಗಿಲು ತೆಗೆದು ನೋಡುತ್ತೇವೆಯೇ? ಹೊರಗಿನಿಂದಲೇ ಮೆಲ್ಲಗೆ ಹೆಜ್ಜೆಯಿಟ್ಟು ದಾಟುತ್ತೇವೆ. ಇದೂ ಹಾಗೇ ಅಂದುಕೊಳ್ಳಿ.