ಉರಿಯ ಬಣ್ಣದಲ್ಲಿ ಲೋಹದ ಗುರುತು

ಉಪ್ಪು ಹಾಕಿದ ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದರೆ ನೀಲಿ ಉರಿ ತಟ್ಟನೆ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂ ಕೊಟ್ಟ ಬಣ್ಣ. ಶಾಲೆಯ ಜ್ವಾಲಾ ಪರೀಕ್ಷೆಯ ತಿರುಳೂ ಇದೇ.

ನೈಕ್ರೋಮ್ ತಂತಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ಕಾಯಿಸಿ ಶುಚಿ ಮಾಡಿ, ತುದಿಗೆ ಚೂರು ಲವಣ ಅಂಟಿಸಿ ಬರ್ನರ್‌ನ ಉರಿಗೆ ಹಿಡಿಯಬೇಕು. ಸ್ಟ್ರಾನ್ಷಿಯಂ ಕಡುಗೆಂಪು, ಬೇರಿಯಂ ತಿಳಿಹಸಿರು, ತಾಮ್ರ ನೀಲಿ ಬೆರೆತ ಹಸಿರು. ಪೊಟ್ಯಾಸಿಯಂನ ನಸುನೇರಳೆ ಮಾತ್ರ ಎಳ್ಳಷ್ಟು ಸೋಡಿಯಂ ಬೆರೆತರೂ ಹಳದಿಯಲ್ಲಿ ಮುಚ್ಚಿಹೋಗುತ್ತದೆ. ಕೋಬಾಲ್ಟ್ ನೀಲಿ ಗಾಜಿನ ಮೂಲಕ ನೋಡಿದರೆ ಹಳದಿ ಮರೆಯಾಗಿ ನೇರಳೆ ಕಾಣುತ್ತದೆ.

ಕಾವಿಗೆ ಪರಮಾಣುವಿನ ಎಲೆಕ್ಟ್ರಾನು ಮೇಲಿನ ಶಕ್ತಿಮಟ್ಟಕ್ಕೇರಿ, ಇಳಿಯುವಾಗ ಬೆಳಕು ಬಿಡುತ್ತದೆ. ಆ ಮಟ್ಟಗಳ ಅಂತರ ಧಾತುವಿನಿಂದ ಧಾತುವಿಗೆ ಬೇರೆ, ಅದಕ್ಕೇ ಬಣ್ಣವೂ ಬೇರೆ.

ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಕಾಫ್ ಈ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ನೋಡಿದರು. 1860ರಲ್ಲಿ ಡ್ಯುರ್ಖೈಮ್‌ನ ಖನಿಜ ನೀರಿನ ಪರೀಕ್ಷೆಯಲ್ಲಿ ಯಾರೂ ಕಾಣದ ನೀಲಿ ಗೆರೆಗಳು ಸಿಕ್ಕವು. ಅದೇ ಹೊಸ ಧಾತು ಸೀಸಿಯಂ! ಮರುವರ್ಷ ರುಬಿಡಿಯಂ. ಎಂಥ ಸೊಗಸಾದ ಪತ್ತೇದಾರಿಕೆ!

ಶಾಲೆಯಲ್ಲಿ ಲವಣಗಳ ಮೇಲೆ ಮೆಥನಾಲ್ ಸುರಿದು ಬಣ್ಣದ ಜ್ವಾಲೆ ತೋರಿಸುವ ಕ್ರಮ ಮಾತ್ರ ಬೇಡವೇ ಬೇಡ. ಅದರ ಆವಿ ಹೊತ್ತಿಕೊಂಡು ಅಮೆರಿಕದ ತರಗತಿಗಳಲ್ಲಿ ಮಕ್ಕಳಿಗೆ ಸುಟ್ಟ ಗಾಯಗಳಾಗಿವೆ. 2014ರಲ್ಲಿ ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ ಎಚ್ಚರಿಕೆಯನ್ನೂ ಹೊರಡಿಸಿತು. ತಂತಿಯ ವಿಧಾನಕ್ಕೂ ಸುರಕ್ಷಾ ಕನ್ನಡಕ ಬೇಕು. ಬೇರಿಯಂ ಲವಣಗಳು ವಿಷಕಾರಿ. ಪ್ರಯೋಗ ಮುಗಿದೊಡನೆ ಕೈ ತೊಳೆಯಬೇಕು.