ಬೆಂದ ಗಾಯಕ್ಕೆ ಬಾಳೆಲೆ

ತೆಕ್ಕಟ್ಟೆಯ ಕಡೆಯ ಅಡುಗೆಮನೆಗಳಲ್ಲಿ ಕುಚ್ಚಲಕ್ಕಿಯ ಅನ್ನ ಬಹಳ ಹೊತ್ತು ಕುದಿಯಬೇಕು. ಗಂಜಿ ಬಸಿಯುವಾಗ ಪಾತ್ರೆ ಜಾರಿದರೆ, ಬಚ್ಚಲಿನ ಹಂಡೆಯ ಬಳಿ ಮಗು ಎಡವಿದರೆ, ಕ್ಷಣಾರ್ಧದಲ್ಲಿ ಅನಾಹುತ. ಮನೆಯವರು ಗಾಬರಿಯಿಂದ ಶಾಯಿಯನ್ನೋ ತುಪ್ಪವನ್ನೋ ಟೂತ್‌ಪೇಸ್ಟನ್ನೋ ಸವರುತ್ತಾರೆ. ಕೆಲವರು ಸಗಣಿಗೂ ಹೇಸುವುದಿಲ್ಲ. ಸುಟ್ಟದ್ದಕ್ಕಿಂತ ದೊಡ್ಡ ಕೇಡು ಎಷ್ಟೋ ಸಲ ಈ ಉಪಚಾರದಿಂದಲೇ ಒದಗುತ್ತದೆ.

ಗುಳ್ಳೆಯೆದ್ದು, ಅದು ಒಡೆದೆಡೆ ಕೆಂಪಗೆ ಒದ್ದೆಯಾಗಿ, ಮುಟ್ಟಿದರೆ ಪ್ರಾಣ ಹೋಗುವಷ್ಟು ಉರಿಯುತ್ತಿದ್ದರೆ ಚರ್ಮ ಪೂರ್ಣವಾಗಿ ಸುಟ್ಟಿಲ್ಲವೆಂದು ತಿಳಿಯಬೇಕು. ಉರಿ ಶುಭಸೂಚನೆಯೆಂದರೆ ರೋಗಿಗೆ ಸಿಟ್ಟು ಬಂದೀತು. ಆದರೂ ಒಳಗಿನ ನರಗಳು ಬದುಕಿರುವುದಕ್ಕೆ ಅದೇ ಸಾಕ್ಷಿ. ಕೀವಾಗದಂತೆ ಕಾಪಾಡಿದರೆ ಇಂತಹ ಗಾಯ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಮಾಯುತ್ತದೆ.

ಮೊದಲ ಮದ್ದು ನೀರು. ತಣ್ಣಗಿನ ಶುದ್ಧ ನೀರನ್ನು ಗಾಯದ ಮೇಲೆ 20 ನಿಮಿಷ ಹರಿಯಬಿಡಬೇಕು, ಮಂಜುಗಡ್ಡೆ ಕೂಡದು. ಬಳೆ, ಉಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಗುಳ್ಳೆಯನ್ನು ಚುಚ್ಚದೆ, ಒಗೆದು ಒಣಗಿಸಿದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರಲ್ಲಿಗೆ ಒಯ್ಯಬೇಕು.

ಮುಂದಿನ ಕಷ್ಟ ಪಟ್ಟಿ ಬದಲಿಸುವಾಗಿನದು. ಬಟ್ಟೆ ಗಾಯಕ್ಕೆ ಅಂಟಿ, ಕಿತ್ತಾಗ ಹೊಸ ಚರ್ಮವೂ ಜೊತೆಗೆ ಬರುತ್ತದೆ. ಅಂಟದ ಪಟ್ಟಿಗಳು ಪೇಟೆಯಲ್ಲಿವೆ, ಬೆಲೆ ಮಾತ್ರ ಬಡವರಿಗೆ ಎಟುಕದು. ಮುಂಬಯಿಯ ವೈದ್ಯರು ಹಿಂದೆ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಪಟ್ಟಿಯಾಗಿ ಬಳಸಿ ನೋಡಿದ್ದರು. ಬಳಿಕ ಅದೇ ನಗರದ ಡಾ. ಮಾಧುರಿ ಗೋರೆಯವರು ಸಹೋದ್ಯೋಗಿಯೊಡನೆ ಬಾಳೆಲೆಯನ್ನು ಅದರೊಂದಿಗೆ ಹೋಲಿಸಿ, 2003ರಲ್ಲಿ ಫಲವನ್ನು ಪ್ರಕಟಿಸಿದರು. ಗಾಯ ಮಾಯುವುದರಲ್ಲಿ ಎರಡೂ ಸಮ. ಖರ್ಚಿನಲ್ಲಿ ಬಾಳೆಲೆ 11 ಪಟ್ಟು ಅಗ್ಗ. ಎಲೆಯ ಮೇಣದಂತಹ ನುಣುಪು ಗಾಯವನ್ನು ಅಂಟುವುದಿಲ್ಲ. ತೆಗೆಯುವಾಗ ನೋವು ಕಡಮೆ.

ಹಿತ್ತಿಲಲ್ಲಿ ಬಾಳೆಯಿದೆಯೆಂದು ತೆಕ್ಕಟ್ಟೆಯವರು ಕತ್ತಿ ಹಿಡಿದು ಹೊರಡಬಾರದು! ಆಸ್ಪತ್ರೆಯ ಎಲೆ ಬಟ್ಟೆಗೆ ಅಂಟಿಸಿ, ಒತ್ತಡದ ಹಬೆಯಲ್ಲಿ ಕ್ರಿಮಿಗಳನ್ನು ಕೊಂದು ಸಿದ್ಧಪಡಿಸಿದ್ದು. ಮಳೆಯ ಕೆಸರು, ಹಕ್ಕಿಯ ಹಿಕ್ಕೆ ಮೆತ್ತಿದ ಎಲೆ ಊಟಕ್ಕಾದರೂ ತೊಳೆಯದೆ ಸಲ್ಲದು, ಗಾಯಕ್ಕಂತೂ ತೊಳೆದರೂ ಸಾಲದು.

ವೈದ್ಯರು ಮನೆಯ ಉಪಚಾರ ಸಾಕೆಂದ ಚಿಕ್ಕ ಗಾಯವನ್ನು ಕಾಯಿಸಿ ಆರಿಸಿದ ನೀರು, ಸೌಮ್ಯವಾದ ಸಾಬೂನುಗಳಿಂದ ಮೃದುವಾಗಿ ತೊಳೆಯಬಹುದು. ರೋಗಿಯ ಅಂಗೈಗಿಂತ ಅಗಲವಾದುದು, ಮುಖ, ಕೈ, ಕೀಲುಗಳ ಮೇಲಿನದು, ಎಳೆಯ ಮಕ್ಕಳದು ಇವಾವುವೂ ಮನೆಯಲ್ಲಿ ಉಳಿಯತಕ್ಕವಲ್ಲ. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂಬುದನ್ನೂ ಅಲ್ಲಿಯೇ ವಿಚಾರಿಸಬೇಕು.