ಬಲಗೈಗೆ ಪ್ಲಾಸ್ಟರ್, ಬಾದಾಮಿಗೆ ಬಸ್ಸು

ಬಾದಾಮಿಗೆ ಹೊರಡಲು ಇನ್ನು ಹತ್ತೇ ದಿನ ಇತ್ತು, ಮಗಳು ಸೈಕಲ್ಲಿನಿಂದ ಬಿದ್ದಳು. ಬೀಳುವಾಗ ನೆಲಕ್ಕೆ ಅಂಗೈ ಊರಿದ್ದಾಳೆ. ನಾನು ಓಡಿಹೋಗಿ ನೋಡುವಷ್ಟರಲ್ಲಿ ಬಲಗೈ ಮಣಿಕಟ್ಟಿನ ಮೇಲೆ ಊದಿಕೊಂಡಿತ್ತು. ಎಕ್ಸ್‌ರೇ ತೆಗೆಸಿ, ಅರ್ಧ ಪ್ಲಾಸ್ಟರ್ ಹಾಕಿಸಿಕೊಂಡು ಆಟೊದಲ್ಲಿ ಮನೆಗೆ ಬರುವಾಗ ಅವಳು ಅತ್ತದ್ದು ನೋವಿಗಲ್ಲ. "ಟೂರಿಗೆ ಕಳಿಸ್ತೀಯಲ್ಲ ಅಮ್ಮ?" ಎಂದು ಮೂರು ಸಲ ಕೇಳಿದಳು. ನಾನು ಮೂರು ಸಲವೂ ಉತ್ತರ ಕೊಡಲಿಲ್ಲ.

ಏಳನೇ ಕ್ಲಾಸಿನ ಪ್ರವಾಸ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಹಂಪಿ. ಮೂರು ಹಗಲು, ಎರಡು ರಾತ್ರಿ. ಅಪ್ಪ ಅಮ್ಮ ಇಲ್ಲದೆ ಅವಳು ಮನೆಯ ಹೊರಗೆ ಮಲಗುವುದು ಅದೇ ಮೊದಲು. ಜೂನ್‌ನಿಂದ ಆ ಮಾತೇ ಮಾತು. ಅಂಥ ಮಗುವಿಗೆ "ಮುಂದಿನ ವರ್ಷ ಹೋದರಾಯ್ತು ಬಿಡು" ಎನ್ನುವುದು ದೊಡ್ಡವರಿಗೆ ಸುಲಭ. ಮುಂದಿನ ವರ್ಷ ಶಾಲೆ ಬೇರೆ, ಗೆಳತಿಯರು ಬೇರೆ. ಹೋಗದ ಪ್ರವಾಸ ಹೋಗದ್ದೇ.

ಮೂಳೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಹಸಿ ಹುಣಸೆ ಬರಲನ್ನು ಬಾಗಿಸಿ ನೋಡಿ. ಒಂದು ಮಗ್ಗುಲು ಸೀಳುತ್ತದೆ, ಇನ್ನೊಂದು ಮಗ್ಗುಲು ಬಾಗಿ ನಿಲ್ಲುತ್ತದೆ, ಎರಡು ತುಂಡಾಗುವುದಿಲ್ಲ. ಮಕ್ಕಳ ಮೂಳೆ ಎಷ್ಟೋ ಸಲ ಮುರಿಯುವುದು ಹಾಗೆಯೇ. ವೈದ್ಯರು ಅದಕ್ಕೆ ಗ್ರೀನ್‌ಸ್ಟಿಕ್ ಎನ್ನುತ್ತಾರೆ, ಹಸಿಕಡ್ಡಿ. ಮಗಳದೂ ಅದೇ. ಇದಕ್ಕಿಂತ ಹಗುರವಾದದ್ದು ಮೂಳೆ ಒಂದು ಕಡೆ ಉಬ್ಬಿದಂತೆ ಕಾಣುವ ಬಕಲ್ ಮುರಿತ. ಬ್ರಿಟನ್ನಿನಲ್ಲಿ 4ರಿಂದ 15 ವರ್ಷದ 965 ಮಕ್ಕಳನ್ನು ಇಟ್ಟುಕೊಂಡು ಮಣಿಕಟ್ಟಿನ ಬಕಲ್ ಮುರಿತದ ಬಗ್ಗೆ ಒಂದು ಅಧ್ಯಯನ ನಡೆಯಿತು. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಗಟ್ಟಿ ಪಟ್ಟಿ ಹಾಕಿದವರಿಗೂ ಬರೀ ಮೆತ್ತನೆಯ ಬ್ಯಾಂಡೇಜು ಕೊಟ್ಟವರಿಗೂ ಮೂರನೇ ದಿನದ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೈ ಮುರಿದಿದೆ ಎಂಬ ಒಂದೇ ಮಾತಿನೊಳಗೆ ಎಷ್ಟು ಬಗೆಯ ಮುರಿತಗಳಿವೆ ಎಂಬುದು ನಮಗೆ ಗೊತ್ತಿರುವುದಿಲ್ಲ. ಕಳಿಸಬೇಕೋ ಬೇಡವೋ ಎಂದು ನೆರೆಹೊರೆಯವರನ್ನು ಕೇಳುವ ಮೊದಲು, ಮುರಿದದ್ದು ಯಾವುದು, ಜರುಗಿದೆಯೋ ಇಲ್ಲವೋ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಬೇಕು.

ನೆರೆಹೊರೆಯವರು ಸುಮ್ಮನಿರಲಿಲ್ಲ. "ಪುತ್ತೂರಿಗೆ ಕರೆದುಕೊಂಡು ಹೋಗಿ, ವಾರದಲ್ಲಿ ಕೂಡುತ್ತೆ" ಎಂದವರು ಇಬ್ಬರು. ಆಂಧ್ರದ ಪುತ್ತೂರಿನ ಮೂಳೆ ಕಟ್ಟಿಗೆ ನಮ್ಮ ಕಡೆಯಿಂದ ತಲೆಮಾರುಗಳಿಂದ ಜನ ಹೋಗುತ್ತಾರೆ, ಬೆಂಗಳೂರಿನಲ್ಲೂ ಆ ಹೆಸರಿನ ಬೋರ್ಡುಗಳಿವೆ. ಆ ನಂಬಿಕೆಯನ್ನು ಹಗುರ ಮಾಡುವುದು ನನಗೆ ಬೇಕಿಲ್ಲ. ಆದರೆ ಊದುತ್ತಿರುವ ಕೈಗೆ ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಸುತ್ತಿದರೆ ಒಳಗೆ ರಕ್ತ ಓಡಾಡುವುದು ನಿಂತು ಕೈ ಕೊಳೆಯಬಹುದು. ಬಿಗಿ ಕಟ್ಟಿನಿಂದ ಕೈ ಕಳೆದುಕೊಂಡ ಮಕ್ಕಳನ್ನು ಮೂಳೆ ವೈದ್ಯರು ಕಂಡಿದ್ದಾರೆ. ಮೊದಲ ದಿನ ಆಸ್ಪತ್ರೆಯಲ್ಲಿ ಅರ್ಧ ಪ್ಲಾಸ್ಟರ್ ಮಾತ್ರ ಹಾಕಿದ್ದೂ ಇದೇ ಕಾರಣಕ್ಕೆ, ಊತಕ್ಕೆ ಜಾಗ ಇರಲಿ ಎಂದು. ಏಳನೇ ದಿನ ಮತ್ತೆ ಎಕ್ಸ್‌ರೇ ತೆಗೆದು, ಮೂಳೆ ಜರುಗಿಲ್ಲವೆಂದು ಖಾತ್ರಿಯಾದ ಮೇಲೆ ಪೂರ್ತಿ ಫೈಬರ್ ಪಟ್ಟಿ ಬಂತು. ಆ ದಿನ ವೈದ್ಯರು ನನ್ನನ್ನು ನೋಡದೆ ಅವಳನ್ನೇ ಕೇಳಿದರು: "ನಿಂಗೆ ಹೋಗಬೇಕಾ?" ಅವಳು ತಲೆಯಾಡಿಸಿದಳು. "ಓಡಲ್ಲ, ನೀರಿಗೆ ಇಳಿಯಲ್ಲ, ನೋವು ಜಾಸ್ತಿಯಾದರೆ ಮುಚ್ಚಿಡಲ್ಲ. ಮೂರೂ ಹೇಳು" ಎಂದರು. ಮೂರನ್ನೂ ಹೇಳಿದಳು.

ಯಾರನ್ನು ಕಳಿಸಬಾರದು ಎಂಬುದನ್ನೂ ಅಷ್ಟೇ ಖಡಾಖಂಡಿತವಾಗಿ ಹೇಳಬೇಕು. ಮೊದಲ ಎರಡು ಮೂರು ದಿನ ಊತ ಏರುವ ಹೊತ್ತು. ಆಗ ಎಲ್ಲಿಗೂ ಬೇಡ. ಮೂಳೆ ಜರುಗುವ ಭಯವಿದ್ದರೆ, ವಾರದ ಎಕ್ಸ್‌ರೇ ಬಾಕಿಯಿದ್ದರೆ, ಆಪರೇಷನ್ ಗಾಯ ಇನ್ನೂ ಹಸಿಯಿದ್ದರೆ ಬೇಡ. ಮತ್ತೆ ತಲೆಪೆಟ್ಟು. ಇಲ್ಲಿ ನಮ್ಮ ಕಣ್ಣು ನಮಗೇ ಮೋಸ ಮಾಡುತ್ತದೆ. ಪ್ಲಾಸ್ಟರ್ ಹಾಕಿದ ಮಗುವನ್ನು ಕಂಡರೆ ಎಲ್ಲರೂ "ಅಯ್ಯೋ ಪಾಪ, ಹೇಗೆ ಕಳಿಸ್ತೀರಿ" ಎನ್ನುತ್ತಾರೆ. ಮೂರು ದಿನದ ಹಿಂದೆ ತಲೆಗೆ ಪೆಟ್ಟು ಬಿದ್ದು ಒಂದು ಗಳಿಗೆ ಮಂಕಾಗಿದ್ದ ಮಗು ಮಾತ್ರ ಹೊರಗೆ ಏನೂ ಕಾಣಿಸದೆ ನಗುನಗುತ್ತ ಬಸ್ಸು ಹತ್ತಿಬಿಡುತ್ತದೆ. ಮನೆಯಲ್ಲಿ ಉಳಿಯಬೇಕಾದದ್ದು ಆ ಮಗು. ತಲೆನೋವು, ವಾಕರಿಕೆ, ಬೆಳಕು ಸದ್ದು ಸಹಿಸದಿರುವುದು, ಹೊತ್ತಲ್ಲದ ಹೊತ್ತಿನ ತೂಕಡಿಕೆ ಇದ್ದರೆ ಬಸ್ಸಿನ ಕುಲುಕು, ಹಾಡಿನ ಗದ್ದಲ, ನಿದ್ದೆಗೇಡು ಎಲ್ಲವೂ ಕೆಟ್ಟದ್ದೇ. ಅದು ವಾಸಿಯಾಗುವ ಮೊದಲು ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಇನ್ನೂ ದೊಡ್ಡದು.

ಶಾಲೆಯವರು ಮೊದಲು ಒಪ್ಪಲಿಲ್ಲ. "ರಿಸ್ಕ್ ಯಾಕೆ ಮೇಡಂ, ಹಣ ವಾಪಸ್ ಕೊಡ್ತೀವಿ" ಎಂದರು. ನನಗೆ ಬೇಸರವಾಯಿತು, ಆದರೆ ಅವರ ಭಯ ಸುಳ್ಳಲ್ಲ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ಹುಡುಗಿಯರು ಪ್ರವಾಸಕ್ಕೆ ಬಂದವರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಓದಿದ ಮೇಲೆ ಐವತ್ತು ಮಕ್ಕಳನ್ನು ಬಸ್ಸಿಗೆ ಹತ್ತಿಸುವ ಯಾವ ಶಿಕ್ಷಕರ ಎದೆಯೂ ಮೊದಲಿನ ಹಾಗೆ ಇರಲಾರದು. ನಮ್ಮಲ್ಲಿ ಪ್ರವಾಸಕ್ಕೆ ಮೊದಲು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಏನಾದರೂ ಆದರೆ ಶಾಲೆ ಹೊಣೆಯಲ್ಲ ಎಂಬ ಧಾಟಿಯ ಪತ್ರ. ಆ ಕಾಗದದಿಂದ ಶಿಕ್ಷಕರಿಗೆ ಧೈರ್ಯವೂ ಬರುವುದಿಲ್ಲ, ಮಗುವಿಗೆ ರಕ್ಷಣೆಯೂ ಸಿಗುವುದಿಲ್ಲ. ಸಹಿಯ ಬದಲು ಅರ್ಧ ಗಂಟೆ ಕೂತು ಮಾತಾಡಿದರೆ ಎರಡೂ ಸಿಗುತ್ತವೆ. ನಾನು ವೈದ್ಯರ ಚೀಟಿ ತೆಗೆದುಕೊಂಡು ಹೋಗಿ, ಜೊತೆಗೆ ಹೋಗುವ ಮಿಸ್ಸನ್ನೇ ಕೇಳಿ ಕೂತೆ.

ಚೀಟಿಯಲ್ಲಿ ಇದ್ದದ್ದು ಇಷ್ಟು: ಯಾವ ಮೂಳೆ, ಯಾವ ದಿನ, ಏನು ಮಾಡಬಾರದು. ನೋವಿಗೆ ಪ್ಯಾರಾಸಿಟಮಾಲ್, ತೂಕದ ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಅವಳ ತೂಕ 34 ಕಿಲೋ, ಹಾಗಾಗಿ 500ರ ಒಂದು ಮಾತ್ರೆ. ಎಕ್ಸ್‌ರೇಯ ಫೋಟೊ ಮಿಸ್ಸಿನ ಫೋನಿಗೆ ಹೋಯಿತು. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಬೆರಳು ನೋಡುವುದನ್ನು ಅವರಿಗೆ ತೋರಿಸಿಕೊಟ್ಟೆ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಐದೂ ಬೆರಳು ಆಡಬೇಕು. ಬೆರಳು ಬಿಳಿಚಿ ತಣ್ಣಗಾದರೆ, ಜುಂ ಎಂದರೆ, ನೆಟ್ಟಗೆ ಮಾಡಿದಾಗ ಜೀವ ಹೋಗುವಂತೆ ನೋವಾದರೆ ಬೆಳಗಾಗುವವರೆಗೆ ಕಾಯಬಾರದು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. ಮಿಸ್ಸು ತಮ್ಮದೇ ಉಗುರು ಒತ್ತಿ ನೋಡಿಕೊಂಡರು. "ಇಷ್ಟೇನಾ, ಇದು ನಂಗೆ ಬರುತ್ತೆ" ಎಂದರು. ಅಲ್ಲಿಗೆ ಅರ್ಧ ಕೆಲಸ ಮುಗಿದಿತ್ತು.

ಇನ್ನರ್ಧ ಯಾವ ಚೀಟಿಯಲ್ಲೂ ಇರುವುದಿಲ್ಲ. ಬಲಗೈ ಇಲ್ಲದ ಹುಡುಗಿ ಪಾಯಿಖಾನೆಯಲ್ಲಿ ಏನು ಮಾಡುತ್ತಾಳೆ? ನಲ್ಲಿ ತಿರುಗಿಸಿ, ಚೊಂಬು ತುಂಬಿ, ತೊಳೆದುಕೊಂಡು, ಆಮೇಲೆ ಚೂಡಿದಾರದ ಲಾಡಿ ಕಟ್ಟಿಕೊಳ್ಳಬೇಕು. ಪ್ರವಾಸದ ಹಿಂದಿನ ವಾರ ಒಂದು ರಾತ್ರಿ ಬಚ್ಚಲ ಬಾಗಿಲ ಹೊರಗೆ ನಿಂತಿದ್ದೆ. ಒಳಗಿನಿಂದ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಸಣ್ಣ ದನಿಯಲ್ಲಿ "ಅಮ್ಮ, ಆಗ್ತಿಲ್ಲ" ಎಂದಳು. ಲಾಡಿಯ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ಎಡಗೈಯಲ್ಲಿ, ಕೆನ್ನೆಯ ಮೇಲೆ ನೀರು. ಹನ್ನೆರಡು ವರ್ಷದ ಮಗುವಿಗೆ ಮೂಳೆಯ ನೋವಿಗಿಂತ ದೊಡ್ಡದು ಇದು. ಮಿಸ್ಸಿಗೆ ಹೇಳಲು ನಾಚಿಕೆ, ಗೆಳತಿಗೆ ಹೇಳಲು ಇನ್ನೂ ನಾಚಿಕೆ. ಹೇಳಲಾರದೆ ಎಷ್ಟು ಮಕ್ಕಳು ದಿನವಿಡೀ ನೀರು ಕುಡಿಯದೆ ಬಿಗಿಹಿಡಿದುಕೊಂಡು ಕೂರುತ್ತಾರೋ ಯೋಚಿಸಿದರೆ ಸಂಕಟವಾಗುತ್ತದೆ.

ಮರುದಿನವೇ ಮೂರು ಪ್ಯಾಂಟಿಗೆ ಲಾಡಿ ತೆಗೆದು ಎಲಾಸ್ಟಿಕ್ ಹಾಕಿಸಿದೆ. ಟೈಲರ್ ತಲಾ ಮೂವತ್ತು ರೂಪಾಯಿ ತೆಗೆದುಕೊಂಡರು. ಎರಡು ಟಾಪಿನ ಬಲತೋಳಿನ ಹೊಲಿಗೆ ಬಿಚ್ಚಿ ಪ್ಲಾಸ್ಟರ್ ತೂರುವಷ್ಟು ಅಗಲ ಮಾಡಿದೆವು. ಎಡಗೈಯಲ್ಲಿ ತೊಳೆದುಕೊಳ್ಳುವುದು ಹೇಗೂ ಅಭ್ಯಾಸ. ಊಟಕ್ಕೆ ಒಂದು ಸ್ಪೂನು ಸಾಕು. ಸ್ನಾನಕ್ಕೆ ಕೈಗೆ ಪ್ಲಾಸ್ಟಿಕ್ ಕವರು ಸುತ್ತಿ ಮೇಲೆ ಟೇಪು. ಫೈಬರ್ ಪಟ್ಟಿಗೆ ನೀರು ತಾಗಿದರೆ ಏನೂ ಆಗದು ಎಂದುಕೊಳ್ಳುತ್ತಾರೆ, ಒಳಗಿನ ಹತ್ತಿ ನೆನೆದರೆ ಅದು ಒಣಗುವುದೇ ಇಲ್ಲ, ಚರ್ಮ ಹಾಳಾಗುತ್ತದೆ. ಒಳಗೆ ತುರಿಸಿದರೆ ಸ್ಕೇಲು, ಪೆನ್ಸಿಲು ತೂರಿಸಬಾರದೆಂದು ಆಣೆ ಮಾಡಿಸಿಕೊಂಡೆ.

ಉಳಿದದ್ದು ಜಡೆ. ಅವಳ ಕೂದಲು ಸೊಂಟದವರೆಗೆ. ಕತ್ತರಿಸೋಣ ಎಂದರೆ ಒಪ್ಪಲಿಲ್ಲ. ಕೊನೆಗೆ ಅವಳೇ ಪಕ್ಕದ ಬೆಂಚಿನ ಗೆಳತಿಯನ್ನು ಮನೆಗೆ ಕರೆತಂದಳು. ಆ ಹುಡುಗಿಗೆ ಜಡೆ ಹಾಕಿ ಗೊತ್ತಿಲ್ಲ, ಅವಳದು ಬಾಬ್ ಕಟ್. ಎರಡು ಸಂಜೆ ನಮ್ಮ ಜಗುಲಿಯ ಮೇಲೆ ಕೂತು ಕಲಿತಳು. ಜಡೆಯ ಜೊತೆಗೆ ಬೇರೆ ಮಾತೂ ಆಗಿರಬೇಕು. ಪಾಯಿಖಾನೆಯ ಬಾಗಿಲ ಹೊರಗೆ ಯಾರು ನಿಲ್ಲುವುದು ಎಂಬುದು ನಾನು ಕೇಳುವ ಮೊದಲೇ ತೀರ್ಮಾನವಾಗಿತ್ತು.

ಆ ದಿನಗಳಲ್ಲಿ ನನಗೆ ನೆನಪಾಗುತ್ತಿದ್ದವನು ನಾನು ಆರನೇ ಕ್ಲಾಸಿನಲ್ಲಿದ್ದಾಗಿನ ಸಹಪಾಠಿ. ಕಾಲಿಗೆ ಪ್ಲಾಸ್ಟರ್ ಇತ್ತು. ಪ್ರವಾಸ ಶ್ರವಣಬೆಳಗೊಳಕ್ಕೆ. "ಆರುನೂರು ಮೆಟ್ಟಿಲು ಹೇಗೆ ಹತ್ತುತ್ತಾನೆ" ಎಂದು ಬಿಟ್ಟುಹೋದರು. ವಿಂಧ್ಯಗಿರಿಯ ಮೆಟ್ಟಿಲು ಆರುನೂರಕ್ಕೂ ಹೆಚ್ಚು, ಅವನು ಹತ್ತಲಾರ ಎಂಬುದೂ ನಿಜ. ಆದರೆ ಆ ಎರಡು ದಿನದ ಪ್ರವಾಸದಲ್ಲಿ ಬೆಟ್ಟ ಇದ್ದದ್ದು ಎರಡೋ ಮೂರೋ ಗಂಟೆ. ಮಿಕ್ಕಿದ್ದು ಬಸ್ಸಿನ ಅಂತ್ಯಾಕ್ಷರಿ, ದಾರಿಬದಿಯ ಪುಳಿಯೋಗರೆ, ಛತ್ರದ ಜಮಖಾನದ ಮೇಲೆ ಸಾಲಾಗಿ ಮಲಗಿ ಮಧ್ಯರಾತ್ರಿವರೆಗೆ ಹೇಳಿದ ದೆವ್ವದ ಕಥೆ. ಬೆಟ್ಟದ ಮೇಲೆ ಏನು ನೋಡಿದೆನೋ ನನಗೆ ಮಸುಕು, ಆ ಜಮಖಾನ ಮಾತ್ರ ನಿನ್ನೆಯ ಹಾಗಿದೆ. ಅದಕ್ಕೆ ಮೆಟ್ಟಿಲೇ ಇರಲಿಲ್ಲ. ಒಬ್ಬ ಮೇಷ್ಟ್ರು ಅವನ ಜೊತೆ ಕೆಳಗೆ ಕಲ್ಯಾಣಿಯ ಬಳಿ ಕೂತಿದ್ದರೆ ಸಾಕಿತ್ತು. ಗೇಟಿನ ಕಂಬಿ ಹಿಡಿದು ನಮ್ಮ ಬಸ್ಸು ನೋಡುತ್ತ ನಿಂತವನ ಮುಖ ನನಗೆ ಇವತ್ತಿಗೂ ಕಾಣುತ್ತದೆ.

ಮಿಸ್ಸಿನ ಜೊತೆ ಕೂತು ಜಾಗ ಜಾಗವನ್ನೂ ನೋಡಿದೆವು. ಬಾದಾಮಿಯ ಗುಹೆಗಳಿಗೆ ಏರುವ ಮೆಟ್ಟಿಲು ಕಡಿದು, ಒಂದೇ ಸಮ ಇಲ್ಲ. ಕೈ ಕಟ್ಟಿಕೊಂಡವರಿಗೆ ಸಮತೋಲ ತಪ್ಪುವುದು ಇಳಿಯುವಾಗ. ಎಡಗೈ ಖಾಲಿ ಇರಬೇಕು, ಎಲ್ಲರಿಗಿಂತ ಕೊನೆಗೆ, ನೂಕುನುಗ್ಗಲು ಕಳೆದ ಮೇಲೆ ಇಳಿಯಬೇಕು. ಅಲ್ಲಿ ಕೋತಿಗಳ ಕಾಟ, ಹಾಗಾಗಿ ತಿಂಡಿ ಬ್ಯಾಗು ಬೇರೆಯವರ ಹೆಗಲಿಗೆ. ಪಟ್ಟದಕಲ್ಲು ಸಮತಟ್ಟು ಹುಲ್ಲುಹಾಸು, ಚಿಂತೆಯಿಲ್ಲ. ಹಂಪಿಯಲ್ಲಿ ವಿಠ್ಠಲ ದೇವಸ್ಥಾನದವರೆಗೆ ಬ್ಯಾಟರಿ ಗಾಡಿ ಇದೆ. ಹೇಮಕೂಟದ ಜಾರು ಬಂಡೆ ಅವಳಿಗೆ ಬೇಡ. ಆ ಹೊತ್ತಿನಲ್ಲಿ ಅವಳು ಮತ್ತು ಇನ್ನಿಬ್ಬರು ವಿರೂಪಾಕ್ಷ ಗುಡಿಯೊಳಗೆ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಗೋಪುರದ ನೆರಳು ನೋಡುವುದು. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ, ಎತ್ತಿಹಾಕುತ್ತದೆ. ಬಲಬದಿಯ ಕಿಟಕಿ ಸೀಟು, ಓಡಾಡುವವರ ಬ್ಯಾಗು ಕೈಗೆ ತಾಗದ ಹಾಗೆ. ತೊಡೆಯ ಮೇಲೊಂದು ದಿಂಬು, ದಿಂಬಿನ ಮೇಲೆ ಕೈ.

ಅವಳು ಹೋದಳು. ಎರಡು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಮಿಸ್ಸಿನಿಂದ ದಿನಕ್ಕೆ ಎರಡು ಸಲ ಒಂದೇ ಸಾಲಿನ ಮೆಸೇಜು: "ಬೆರಳು ಚೆನ್ನಾಗಿವೆ." ಒಂದು ಸಲ ಫೋಟೊ ಬಂತು, ಕೆಂಪು ಬಂಡೆಯ ಮುಂದೆ ಐದು ಹುಡುಗಿಯರು, ಬಾದಾಮಿಯ ಅಗಸ್ತ್ಯ ಕೆರೆ ಹಿಂದೆ. ಜೋಳಿಗೆಯಲ್ಲಿದ್ದ ಕೈಯ ಮೇಲೆ ಯಾರೋ ಸ್ಕೆಚ್ ಪೆನ್ನಿನಲ್ಲಿ ನವಿಲು ಬಿಡಿಸಿದ್ದರು.

ಮೂರನೇ ದಿನ ರಾತ್ರಿ ಎಂಟಕ್ಕೆ ಬಸ್ಸು ಬಂತು. ಇಳಿದವಳೇ ಬಾದಾಮಿಯ ಮೊದಲನೇ ಗುಹೆಯ ನಟರಾಜನ ಬಗ್ಗೆ ಶುರುಮಾಡಿದಳು. "ಹದಿನೆಂಟು ಕೈ ಅಮ್ಮ. ಒಂದೂ ಸುಮ್ಮನಿಲ್ಲ, ಎಲ್ಲಾ ಏನೋ ಮಾಡ್ತಾ ಇವೆ." ಹೇಳುತ್ತ ಹೇಳುತ್ತ ತನ್ನ ಎಡಗೈಯಲ್ಲೇ ಆ ಮುದ್ರೆಗಳನ್ನು ತೋರಿಸಿದಳು. ನಾನು ಮೊದಲು ಅವಳ ಬೆರಳು ಮುಟ್ಟಿ ನೋಡಿದೆ, ಬೆಚ್ಚಗಿದ್ದವು. ಆಮೇಲೆ ಜಡೆ ನೋಡಿದೆ. ಎಡಕ್ಕೆ ವಾಲಿತ್ತು, ನಡುವೆ ಒಂದು ಎಳೆ ತಪ್ಪಿತ್ತು, ತುದಿಗೆ ಅವಳದ್ದಲ್ಲದ ಹಸಿರು ರಬ್ಬರ್ ಬ್ಯಾಂಡು. ಬಿಚ್ಚಿ ಬೇರೆ ಹಾಕುತ್ತೇನೆ ಎಂದು ಕೈ ಹಾಕಿದರೆ ತಲೆ ಕೊಸರಿಕೊಂಡಳು.

"ಇರಲಿ ಬಿಡಮ್ಮ, ಇವತ್ತು ಹೀಗೇ ಮಲಗ್ತೀನಿ."